ಅಕ್ಕುತಾಯಿಯ ರ‍್ಯಾಂಕು ಮೂರು ಸಾವಿರದ ನಾನೂರು

"ಎಂಬತ್ತೆಂಟು ತಗೊಂಡಾಕಿ ಮೂರು ಸಾವಿರದಾಗ ಹೆಂಗ ಹೋದ್ಲು?"

ಐನಾಪುರದ ಕಸ್ತೂರೆವ್ವ ಜೋಳ ಹಸನು ಮಾಡುತ್ತ, ಯಾರನ್ನೂ ನೋಡದೆ ಕೇಳಿದಳು. ಮೊರದ ಪಕ್ಕ ಎರಡು ಕಾಗದ. ಒಂದು ಮಗಳು ಅಕ್ಕುತಾಯಿಯ ಪಿಯುಸಿ ಅಂಕಪಟ್ಟಿ: ನೂರಕ್ಕೆ ಎಂಬತ್ತೆಂಟು. ಇನ್ನೊಂದು ಬೆಂಗಳೂರಿನಿಂದ ಬಂದ ಸಿಇಟಿ ಕಾಗದ: ನೂರಕ್ಕೆ ಐವತ್ತೆರಡು, ರ‍್ಯಾಂಕು 3400. ಮಗಳು ಇಂಜಿನಿಯರಿಂಗ್ ಓದಬೇಕು ಎನ್ನುತ್ತಾಳೆ.

ಮಿರಜದಿಂದ ಬಂದಿದ್ದ ಅಣ್ಣ ಬಾಬಾಸಾಹೇಬ ಚಹಾ ಊದಿದ.

"ಉಗಾಚ, ಸುಮ್ಮಸುಮ್ಮನ ತಲಿ ಕೆಡಿಸ್ಕೊಬ್ಯಾಡ, ಕಸ್ತೂರಿ. ನಮ್ಮ ಮಹಾರಾಷ್ಟ್ರದಾಗ ಬಾರಾವಿ, ಅಂದ್ರ ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ಅಷ್ಟ ನೋಡ್ತಾರ. ಆ ಒರಿಜಿನಲ್ ಕೊಡು, ನಮ್ಮ ಕಡೆ ಕಾಲೇಜಿಗೆ ಹಚ್ತೀನಿ."

"ಮಾಮಾ, ಮಂಗಳವಾರ ಬೆಂಗಳೂರಾಗ ಕೌನ್ಸೆಲಿಂಗ್ ಐತಿ. ಒರಿಜಿನಲ್ ತರಬೇಕಂತ ಬರದಾರ," ಅಂದಳು ಅಕ್ಕುತಾಯಿ.

"ಮೂರು ಸಾವಿರ ಮಂದಿ ಉಂಡ ಮ್ಯಾಲೆ ನಿನಗೇನು ಉಳಿತೈತಿ, ಪತ್ರಾವಳಿ?"

ಕಸ್ತೂರೆವ್ವನಿಗೆ ಯಾರ ಮಾತು ಹಿಡಿಯಬೇಕೋ ತಿಳಿಯದು. ತವರಿನ ಮಾತು ಮೀರಿದವಳಲ್ಲ ಅವಳು. ಓಣಿಯಲ್ಲಿ ಹೊರಟಿದ್ದ ಯಾಕೂಬ ಮಾಸ್ತರರನ್ನು ಕೂಗಿದಳು. ಅವರು ಕಾಲೇಜಿನಲ್ಲಿ ಗಣಿತ ಹೇಳುವವರು.

"ಬರ್ರಿ ಮಾಸ್ತರ್ರ, ಈ ಲೆಕ್ಕ ದೇವರಿಗೂ ತಿಳಿಯಂಗಿಲ್ಲ. ಐವತ್ತೆರಡಂದ್ರ ನಮ್ಮ ಹುಡುಗಿ ದಡ್ಡ ಆದ್ಲೇನ್ರಿ?"

ಮಾಸ್ತರು ನಕ್ಕರು. "ಸಿಇಟಿ ಅಂದ್ರ ಇಡೀ ರಾಜ್ಯದ ಹುಡುಗೂರಿಗೆ ಒಂದ ಪೇಪರ್, ಒಂದ ತಕ್ಕಡಿ. ಪೇಪರ್ ಗಟ್ಟಿ ಇತ್ತು ಅಕ್ಕಾರ. ಭಾಳ ಮಂದಿಗೆ ಐವತ್ತೂ ಬಂದಿಲ್ಲ."

"ಹಂಗಾದ್ರ ಎಂಬತ್ತೆಂಟು ನೀರಾಗ ಹೋತು?"

"ಇಲ್ರಿ. ರ‍್ಯಾಂಕಿಗೆ ಎರಡೂ ಮಾರ್ಕ್ಸಿನ ಅರ್ಧರ್ಧ ಹಿಡೀತಾರ. ಎಂಬತ್ತೆಂಟರ ಅರ್ಧ ನಲವತ್ನಾಕು. ಐವತ್ತೆರಡರ ಅರ್ಧ ಇಪ್ಪತ್ತಾರು. ಕೂಡಿಸಿದ್ರ ಎಪ್ಪತ್ತು. ಎಪ್ಪತ್ತಕ್ಕಿಂತ ಹೆಚ್ಚಿದ್ದವರು ಮುಂದ, ಕಡಿಮಿ ಇದ್ದವರು ಹಿಂದ. ರ‍್ಯಾಂಕ್ ಮಾರ್ಕ್ಸ್ ಅಲ್ರಿ, ಪಾಳಿ. ಫ್ಯಾಕ್ಟರಿ ಮುಂದ ಕಬ್ಬಿನ ಟ್ರ್ಯಾಕ್ಟರ್ ನಿಲ್ತಾವಲ್ಲ, ಹಂಗ."

"ನಲವತ್ತನೇ ಗಾಡಿದೂ ಕಬ್ಬು ತಗೋತಾರ!" ಅಂದಳು ಕಸ್ತೂರೆವ್ವ.

"ಹಾಂ! ಸೀಟು ಸಾವಿರಾರು ಅದಾವ. ಹ್ವಾದ ವರ್ಷ ನಮ್ಮ ಹುಡುಗ ಒಬ್ಬ ಐದು ಸಾವಿರದಾಗಿದ್ದ, ಸೀಟು ಸಿಕ್ತು. ಪಾಳಿ ಬಂದಾಗ ಕಾಗದ ಹಿಡಕೊಂಡು ಅಲ್ಲಿರಬೇಕು. ಇಲ್ಲಂದ್ರ ಹೋತು."

ಕಸ್ತೂರೆವ್ವ ಅಣ್ಣನ ಕಡೆ ತಿರುಗಿದಳು. "ಮಿರಜಕ್ಕ ಒಯ್ದ ಕಾಗದ ಮಂಗಳವಾರದೊಳಗ ತಿರುಗಿ ಬರ್ತಾವೇನು?"

"ಅದು... ಬಘೂಯಾ. ನೋಡೂಣು."

"ಪರರಾಜ್ಯದ ಹುಡುಗಿಗೆ ಸೀಟು ಕೊಡ್ತಾರಂತ ಕೇಳೀಯೇನು?"

"ಕೇಳ್ಬೇಕು."

ಅವ್ವಂದಿರಾ, ಅಪ್ಪಂದಿರಾ, ಇಲ್ಲಿ ತುಸು ನಿಂತು ಕೇಳಿರಿ. ಗಡಿಯಾಚೆ ನಮ್ಮ ಬಳಗವಿದೆ, ಆದರೆ ಆಚೆಯ ನಿಯಮ ಈಚೆಯ ಮಕ್ಕಳಿಗೂ ನಡೆಯುತ್ತದೆ ಎಂದೇನಿಲ್ಲ. ರ‍್ಯಾಂಕಿನ ಅಂಕಿ ದೊಡ್ಡದಾದರೆ ಮಗು ನಪಾಸಾದಂತಲ್ಲ. ಅರ್ಥವಾಗದಿದ್ದರೆ ನಾಚದೆ ಕೇಳಿರಿ, ಹತ್ತು ಸಲ ಕೇಳಿರಿ. ಕೌನ್ಸೆಲಿಂಗ್ ದಿನ ತಪ್ಪಿಸಬೇಡಿ. ಮೂಲ ಕಾಗದಗಳನ್ನು ಕೈಬಿಡಬೇಡಿ, ಕೇಳುವವರು ಎಷ್ಟೇ ಬೇಕಾದವರಿರಲಿ.

ಬಾಬಾಸಾಹೇಬ ಎದ್ದು ಕೈಚಾಚಿದ. "ಬಸ್ಸಿನ ಹೊತ್ತಾತು. ಕೊಡು ಇಲ್ಲೆ. ನಾ ಏನು ಪರಕೀಯ ಏನು?"

ಕಸ್ತೂರೆವ್ವ ಎರಡೂ ಕಾಗದ ಮಗಳ ಕೈಗಿಟ್ಟಳು.

"ಬ್ಯಾರೆ ಏನರೆ ಕೇಳಣ್ಣಾ. ಇದನ್ನ ಕೊಡಂಗಿಲ್ಲ."