ಲಾಯರ ಅಂಗಿ

ನಮ್ಮ ಇಸ್ತ್ರಿ ಗಾಡಿ ನಿಂತಿದ್ದದ್ದು ಶಾಸಕರ ಕಚೇರಿಯ ಕಾಂಪೌಂಡಿಗೆ ಒರಗಿಕೊಂಡು. ಹಿಂದಿನ ಸಲ ಗೆದ್ದಾಗ ಅವರು “ಇರ್ಲಿ ಬಿಡಿ” ಅಂದಿದ್ದರು. ನಮಗಿದ್ದ ಪರವಾನಗಿ ಅಷ್ಟೇ. ಅವರ ಬಿಳಿ ಅಂಗಿಗಳು ನಮ್ಮಲ್ಲಿಗೇ ಬರುತ್ತಿದ್ದವು.

ಮತ ಎಣಿಕೆಯ ದಿನ ಬೆಳಿಗ್ಗೆಯೂ ಅವರ ಡ್ರೈವರ್ ಒಂದು ಅಂಗಿ ಕೊಟ್ಟು ಹೋದ. ಅಪ್ಪ ನೀರು ಚಿಮುಕಿಸಿ, ಹದವಾಗಲೆಂದು ಸುರುಳಿ ಸುತ್ತಿಟ್ಟ.

ಪಕ್ಕದ ಕ್ಷೌರದಂಗಡಿಯ ಟಿ.ವಿ.ಯಲ್ಲಿ ಶಾಸಕರ ಎದುರು ನಿಂತಿದ್ದ ಲಾಯರೇ ಮುಂದಿದ್ದರು. ಮಧ್ಯಾಹ್ನ ಅವರ ಮನೆಯ ಆಳು ಬಂದು, ಮೆರವಣಿಗೆಗೆ ಬೇಕೆಂದು ಅವರ ಅಂಗಿ ಕೊಟ್ಟ. ಅಪ್ಪ ಶಾಸಕರದ್ದನ್ನು ಗಾಡಿಯ ಕೆಳಗೆ ತಳ್ಳಿ, ಲಾಯರದ್ದನ್ನು ಹಾಸಿದ.

“ಏನಣ್ಣಾ, ಆಗ್ಲೇ ಪಾರ್ಟಿ ಬದಲಾಯಿಸ್ಬಿಟ್ಯಾ?” ಕ್ಷೌರದವನು ಬಾಗಿಲಿಂದಲೇ ಕೆಣಕಿದ.

“ಸೋತೋರು ಇವತ್ತು ಹೊರಗೆ ಬರ್ತಾರೇನಯ್ಯಾ? ಅವರ್ದು ನಾಳೆ ಮಾಡಿದ್ರೂ ನಡೆಯುತ್ತೆ.”

“ಇನ್ನೂ ಎಣಿಸ್ತಾ ಇದಾರೆ!”

“ಎಣಿಸ್ಲಿ ಬಿಡು.”

ಕೊನೆಯ ಸುತ್ತಿನಲ್ಲಿ ಶಾಸಕರು ಕೂದಲೆಳೆಯ ಅಂತರದಲ್ಲಿ ಗೆದ್ದರು.

ಡ್ರೈವರ್ ಏದುಸಿರು ಬಿಡುತ್ತಾ ಓಡಿ ಬಂದ. “ಸಾಹೇಬ್ರ ಅಂಗಿ ಕೊಡಣ್ಣಾ, ಜನ ಕಾಯ್ತಿದಾರೆ!”

ಇಸ್ತ್ರಿಪೆಟ್ಟಿಗೆಯ ಕೆಂಡ ಬೂದಿಯಾಗಿತ್ತು. ಅಪ್ಪನ ಕೈ ಹ್ಯಾಂಗರಿನಲ್ಲಿದ್ದ ಲಾಯರ ಅಂಗಿಯತ್ತ ಹೋಯಿತು.

“ಅಪ್ಪಾ, ಅದು...” ಎಂದೆ. ನನ್ನ ಮಾತು ಸಾಮಾನ್ಯವಾಗಿ ಯಾರ ಕಿವಿಗೂ ಬೀಳುವುದಿಲ್ಲ. ಅಪ್ಪನಿಗೆ ಕೇಳಿಸಿತು.

“ಸುಮ್ನಿರೆ. ಬಿಳೀದು ಎಲ್ಲಾ ಒಂದೇ,” ಎಂದು ಪಿಸುಗುಟ್ಟಿದ.

ಡ್ರೈವರ್ ಅದನ್ನು ಹಿಡಿದು ಓಡಿದ. ಲಾಯರು ಕಡ್ಡಿಯಂಥ ಮನುಷ್ಯ. ಶಾಸಕರು ಕಾರಿಗೆ ಹತ್ತಿದರೆ ಕಾರೇ ಒಂದು ಕಡೆ ವಾಲುತ್ತದೆ.

ಸ್ವಲ್ಪ ಹೊತ್ತಿಗೆ ಡ್ರೈವರ್ ಮರಳಿ ಬಂದ, ಈ ಸಲ ನಿಧಾನವಾಗಿ. ಕಂಕುಳಲ್ಲಿ ಹರಿದಿದ್ದ ಅಂಗಿಯನ್ನು ಅಪ್ಪನ ಮುಂದಿಟ್ಟ.

“ಅಷ್ಟು ಜನರ ಮುಂದೆ ಪರ್ ಅಂತು. ಯಾರ್ದಣ್ಣಾ ಇದು?”

ಅಪ್ಪನ ಕಣ್ಣು ಗಾಡಿಯ ಕೆಳಗೆ ಹೋಯಿತು. ಡ್ರೈವರ್ ಬಗ್ಗಿ, ಗಾಡಿಯ ಕೆಳಗಿನ ಒದ್ದೆ ಸುರುಳಿಯನ್ನು ಎಳೆದು ಬಿಡಿಸಿ ನೋಡಿದ.

“ಓಹೋ. ಫಲಿತಾಂಶ ನೀನೇ ಹೇಳ್ಬಿಟ್ಟಿದ್ದೆ.”

“ತಪ್ಪಾಯ್ತಪ್ಪಾ. ಕೆಂಡ ಹಾಕ್ತೀನಿ, ಈಗ್ಲೇ ಮಾಡ್ಕೊಡ್ತೀನಿ.”

“ಬೇಡ. ನಾನು ಹೇಳ್ದೆ ಇದ್ರೂ ಅಂಗಿ ತಮ್ದಲ್ಲ ಅಂತ ಸಾಹೇಬ್ರಿಗೆ ಗೊತ್ತಾಗಿದೆ. ಗಾಡಿ ತೆಗೀಬೇಕಂತೆ. ಈಗ್ಲೇ.”

ಕ್ಷೌರದವನು ಟಿ.ವಿ. ಸದ್ದು ತಗ್ಗಿಸಿ ಒಳಗೆ ಹೋದ.

ಗಾಡಿಯ ಚಕ್ರಗಳು ಮಣ್ಣಲ್ಲಿ ಹೂತಿದ್ದವು. ಅಪ್ಪ ಮುಂದಿನಿಂದ ಎಳೆದ, ನಾನು ಹಿಂದಿನಿಂದ ತಳ್ಳಿದೆ.

“ಎಲ್ಲಿಗಪ್ಪಾ?”

“ಮೊದ್ಲು ಅಲ್ಲಾಡ್ಲಿ.”

ಮೆರವಣಿಗೆ ನಮ್ಮ ಬೀದಿಗೆ ತಿರುಗಿತು. ದಾರಿ ಬಿಡಿ ಎಂದು ಯಾರೋ ಕೂಗಿದರು. ನಾನು ಭುಜ ಕೊಟ್ಟೆ. ಗಾಡಿ ಅಲ್ಲಾಡಲಿಲ್ಲ.