ಹೋತ ತಿಂದ ಮಿರ್ಚಿಗೆ ಮೂವರು ಸಾಕ್ಷಿ

ಹುಲಗೂರಿನ ಮಂದಿಗೆ ಮಾತು ಕಡಿಮೆ ಎಂದು ಯಾರಾದರೂ ಹೇಳಿದರೆ, ಅಂಥವರು ಹುಲಗೂರಿಗೆ ಕಾಲೇ ಇಟ್ಟಿಲ್ಲ ಎಂದು ತಿಳಿಯಬೇಕು. ಶನಿವಾರ ಬೆಳಿಗ್ಗೆ ಗಿರಿಯಪ್ಪನ ಚಹಾದಂಗಡಿಯಲ್ಲಿ ನಡೆದದ್ದನ್ನು ಮಧ್ಯಾಹ್ನದೊಳಗೆ ಊರೆಲ್ಲ ಉಪ್ಪುಖಾರ ಹಚ್ಚಿ ಹೇಳಿಕೊಂಡಾಗಿತ್ತು. ರಹಿಮಾಬಿಯ ಹೋತ ಬೆಂಚಿನ ಮೇಲೆ ಜಿಗಿದು, ಪಂಚಾಯಿತಿ ಮೆಂಬರ್ ಕುಬೇರಪ್ಪನವರ ಪ್ಲೇಟಿಗೆ ಬಾಯಿ ಹಾಕಿ ಮಿರ್ಚಿ ಭಜಿ ಕಸಿದುಕೊಂಡಿತ್ತು. ಅವರು ಹೌಹಾರಿ ಎದ್ದರು, ಬೆಂಚು ಮಗುಚಿತು, ಚಹಾ ಹೋಗಿ ಗಿರಿಯಪ್ಪನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಗಾಯ ಯಾರಿಗೂ ಇಲ್ಲ. ಹೋತಕ್ಕೆ ಒಂದಿಷ್ಟು ಬಾಯಿ ಉರಿದಿರಬೇಕು, ಅಷ್ಟೇ.

ಈ ಸುದ್ದಿ ಕೇಳಿ ಕುಣಿದಾಡಿದವಳು ವಿದ್ಯಾ. ಶಿಗ್ಗಾಂವಿಯಲ್ಲಿ ಬಿ.ಎ. ಎರಡನೇ ವರ್ಷ, ಅಪರಾಧಶಾಸ್ತ್ರದ ವಿದ್ಯಾರ್ಥಿನಿ. ಒಂದು ಘಟನೆ ಹಿಡಿದು, ಅದನ್ನು ಕಂಡ ಮೂವರ ಹೇಳಿಕೆ ಬರೆದು ತರಬೇಕೆಂದು ಮೃತ್ಯುಂಜಯ ಸರ್ ಹೇಳಿದ್ದರು. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಆದರೆ ನಿಮ್ಮದಕ್ಕೆ ಸಹಿಯೋ ಹೆಬ್ಬೆಟ್ಟೋ ಬೇಕೇ ಬೇಕು, ಇಲ್ಲದಿದ್ದರೆ ಮನೆಯಲ್ಲೇ ಕೂತು ಕತೆ ಕಟ್ಟುತ್ತೀರಿ ಎಂದಿದ್ದರು. ಸೋಮವಾರ ಒಪ್ಪಿಸಬೇಕು. ಚೆನ್ನಾಗಿ ಬರೆದ ಒಬ್ಬರಿಗೆ ಮಾತ್ರ ಸವಣೂರು ಕೋರ್ಟಿನಲ್ಲಿ, ಬಡವರ ಕೇಸು ನಡೆಸುವ ವಕೀಲರ ಹತ್ತಿರ ಒಂದು ತಿಂಗಳು ಕೆಲಸ ಕಲಿಯುವ ಅವಕಾಶ. ಅದು ತನಗೇ ಸಿಗಬೇಕೆಂದು ವಿದ್ಯಾಳಿಗೆ ಎಷ್ಟು ಆಸೆಯೆಂದರೆ, ಕೋರ್ಟಿಗೆ ಹಾಕಿಕೊಳ್ಳುವ ಚೂಡಿದಾರವನ್ನು ಆಗಲೇ ತೆಗೆದಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಹಾಳೆ, ಪೆನ್ನು, ಮಸಿ ಪ್ಯಾಡು ಹಿಡಿದು ಹೊರಟಳು.

“ಬಾ ಯವ್ವಾ, ಕುಂದ್ರು, ಎಲ್ಲಾ ಹೇಳ್ತೇನಿ,” ಎಂದು ಗಿರಿಯಪ್ಪ ಕೈ ಬೀಸಿ ಶುರು ಮಾಡಿದ. ವಿದ್ಯಾ ಪೆನ್ನಿನ ಟೋಪಿ ತೆಗೆದಳೋ ಇಲ್ಲವೋ, ಅವನ ದನಿ ಇಳಿದುಹೋಯಿತು. “ಬರಿಯಾಕತ್ತೀಯೇನ? ಹಂಗಾರ ನಾ ಏನೂ ನೋಡಿಲ್ಲವಾ. ಒಳಗ ಹಾಲು ಕಾಸಾಕತ್ತಿದ್ದೆ.”

“ಮತ್ತ ಅಂಗಿ ಮ್ಯಾಲಿನ ಚಹಾದ ಕಲೆ, ಕಾಕಾ?”

“ಅದು ಹಳೇದು ಬಿಡು.”

ರಹಿಮಾಬಿಯದೂ ಅದೇ ರಾಗ. “ಯಾರ ಹೋತ? ನಮ್ಮದು ಶನಿವಾರ ಹಿತ್ತಲ ಬಿಟ್ಟು ಹೋಗೇ ಇಲ್ಲ,” ಎಂದಳು. ಆ ಹೋತ ಅವಳ ಹಿಂದೆಯೇ ನಿಂತು ವಿದ್ಯಾಳ ಹಾಳೆಗೆ ಬಾಯಿ ಚಾಚುತ್ತಿತ್ತು.

ಕೊನೆಗೆ ತನ್ನ ಸ್ವಂತ ಅಜ್ಜಿ ಯಂಕವ್ವನಾದರೂ ಕೈ ಬಿಡಲಾರಳು ಎಂದುಕೊಂಡರೆ, ಅವಳೂ ತಲೆಯಾಡಿಸಿಬಿಟ್ಟಳು. ಹಿಂದಿನ ದಿನವಿಡೀ ಹೋತ ಹೇಗೆ ಜಿಗಿಯಿತೆಂದು ಜಿಗಿದು ತೋರಿಸಿದ ಮುದುಕಿ ಅವಳು! “ಬಾಯಿಲೆ ಎಷ್ಟಾರ ಕೇಳು. ಕಾಗದ ಮಾತ್ರ ಬ್ಯಾಡ.”

ವಿದ್ಯಾಳಿಗೆ ಅಳುವೇ ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಗೋಡೆಗೊರಗಿ ಕೂತು ತನಗೆ ತೋಚಿದ್ದನ್ನು ಬರೆದಳು. ಸಂಜೆ ನಾಲ್ಕಕ್ಕೆ ಮೂವರೂ ಚಹಾದಂಗಡಿಯಲ್ಲಿ ಸೇರಿದ್ದಾಗ ಹೋಗಿ ನಿಂತು, “ನೀವ್ಯಾರೂ ಹೇಳಲಿಲ್ಲ, ಅದಕ್ಕ ನಾನ ಬರದೇನಿ, ಕೇಳ್ರಿ,” ಎಂದು ಗಟ್ಟಿಯಾಗಿ ಓದಿದಳು. “ಒಂದು ಬಡಕಲು ಆಡಿನ ಮರಿಯು ತಣ್ಣಗಾದ ಮಿರ್ಚಿಯನ್ನು ತಿಂದಿತು. ಅಂಗಡಿಯ ಗಿರಿಯಪ್ಪ ಹೆದರಿ ಓಡಿಹೋದನು. ಆಗ ಯಂಕವ್ವ ಎಂಬ ಮುದುಕಿ ಅಲ್ಲೇ ತೂಕಡಿಸುತ್ತಿದ್ದಳು.”

ಅಬ್ಬಬ್ಬಾ! ಎದ್ದಿತು ನೋಡಿ ಗದ್ದಲ.

“ತಣ್ಣಗಿನ ಮಿರ್ಚಿ? ನನ್ನ ಅಂಗಡ್ಯಾಗ?” ಗಿರಿಯಪ್ಪ ಕರಿಯುವ ಜಾಲರಿ ಸೌಟು ಹಿಡಿದೇ ಹೊರಬಂದ. “ಆಗಷ್ಟ ಎಣ್ಣಿಯಿಂದ ತಗದಿದ್ದೆ, ಬರಿ! ನಾ ಓಡಿಲ್ಲ, ಕುಬೇರಪ್ಪನವರನ್ನ ಹಿಡಕೊಂಡೇನಿ, ಅದನ್ನೂ ಬರಿ!”

“ಬಡಕಲು ಮರಿ ಅಂತ!” ರಹಿಮಾಬಿ ಸೊಂಟಕ್ಕೆ ಕೈಕೊಟ್ಟಳು. “ಮೂವತ್ತೈದು ಕಿಲೋ ಹೋತ ಅದು! ಒಂದ ಜಿಗಿತಕ್ಕ ಬೆಂಚ್ ಹತ್ತೇತಿ. ನಮ್ಮದ ಹೋತ ಅಂತ ಬರಿ, ಎಲ್ಲಿ ಸಹಿ ಮಾಡ್ಲಿ?”

ವಿದ್ಯಾ ಕೈ ನೋವು ಬರುವಷ್ಟು ಬರೆದಳು. ಗಿರಿಯಪ್ಪ ದಪ್ಪ ಅಕ್ಷರದಲ್ಲಿ ಸಹಿ ಹಾಕಿದ, ರಹಿಮಾಬಿ ಉರ್ದುವಿನಲ್ಲಿ ಹೆಸರು ಬರೆದಳು. ಯಂಕವ್ವನೂ ತಾನು ತೂಕಡಿಸಿಲ್ಲವೆಂದು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಆದರೆ ಮಸಿ ಪ್ಯಾಡು ಮುಂದೆ ಬಂದದ್ದೇ ತಡ, ಕೈ ಸೆರಗಿನೊಳಗೆ ಹೋಯಿತು.

“ಯಾಕಜ್ಜಿ?”

ಯಂಕವ್ವ ಸೆರಗಿನೊಳಗೇ ಹೆಬ್ಬೆಟ್ಟು ಉಜ್ಜಿಕೊಂಡಳು. “ಹಾನಗಲ್ಲಿಂದ ನಮ್ಮಣ್ಣ ಒಂದು ಕಾಗದ ತಂದಿದ್ದ. ರೇಷನ್ ಕಾರ್ಡಿಂದು ಅಂದ, ಒತ್ತಿದೆ. ತವರಮನಿ ಹೊಲದಾಗಿನ ನನ್ನ ಪಾಲು ಬಿಟ್ಟುಕೊಟ್ಟೇನಿ ಅಂತ ಅದರಾಗ ಬರದಿತ್ತಂತ. ನನಗ ಯಾರೂ ಓದಿ ಹೇಳಲಿಲ್ಲ, ಯವ್ವಾ.”

ವಿದ್ಯಾಳಿಗೆ ಸವಣೂರಿನ ಆಸೆ ಒಂದು ಗಳಿಗೆ ಮರೆತೇಹೋಯಿತು. ಪ್ಯಾಡು ಮುಚ್ಚಿ ಪಕ್ಕಕ್ಕಿಟ್ಟಳು.

“ನೀ ಒತ್ತಬ್ಯಾಡ. ಬರೇ ಕೇಳು,” ಎಂದು ಅಜ್ಜಿಯ ಹತ್ತಿರ ಸರಿದು ಕೂತು, ಅಜ್ಜಿ ಹೇಳಿದ್ದನ್ನು ಅಜ್ಜಿಯ ಮಾತಿನಲ್ಲೇ ನಿಧಾನವಾಗಿ ಓದಿದಳು. “ನಾ ಯಂಕವ್ವ, ಕಟ್ಟಿ ಮ್ಯಾಲ ಎಚ್ಚರಿದ್ದು ಕುಂತಿದ್ದೆ. ನನ್ನ ಕಣ್ಣು ಇನ್ನೂ ಗಟ್ಟಿ ಅದಾವ. ಆ ಹೋತ ಮೊದಲ ಎಡಗಾಲು ಎತ್ತಿತು...”

“ಬಲಗಾಲು!” ಯಂಕವ್ವ ತಡೆದಳು. “ತಿದ್ದು.”

ವಿದ್ಯಾ ತಿದ್ದಿದಳು. ಅಜ್ಜಿ ಆ ಹಾಳೆಯನ್ನೇ ನೋಡಿದಳು. “ನಾ ಅಂದದ್ದ ಹಂಗ ಐತಿ. ನಾ ತಿದ್ದು ಅಂದ್ರ ತಿದ್ದಿತು ಕಾಗದ!” ಎಂದು ಬೊಚ್ಚುಬಾಯಿ ತುಂಬ ನಕ್ಕಳು. ತಾನೇ ಪ್ಯಾಡು ತೆರೆದು, ಹೆಬ್ಬೆಟ್ಟು ಅದ್ದಿ, ಹಾಳೆಯ ಕೆಳಗೆ ಗಟ್ಟಿಯಾಗಿ ಒತ್ತಿದಳು. ಆಮೇಲೆ ಇನ್ನೂ ಎರಡು ಸಲ ಓದಿಸಿಕೊಂಡಳು. ಚಹಾ ಕುಡಿಯಲು ಬಂದವರಿಗೂ ಕೇಳದೆ ಗತಿಯಿರಲಿಲ್ಲ.

ಸೋಮವಾರ ವಿದ್ಯಾ ತಾನು ಕಟ್ಟಿದ ಸುಳ್ಳು ಹಾಳೆಯನ್ನೂ ಸೇರಿಸಿ ಎಲ್ಲವನ್ನೂ ಒಪ್ಪಿಸಿದಳು. ಮೃತ್ಯುಂಜಯ ಸರ್ ಓದುತ್ತ ಓದುತ್ತ ಕಣ್ಣೊರೆಸಿಕೊಂಡು ನಕ್ಕರು. “ಸುಳ್ಳು ಓದಿ ಖರೇ ಹೊರಡಿಸೋದು ಯಾವ ಪುಸ್ತಕದಾಗ ಐತಿ?”

“ಪುಸ್ತಕದಾಗ ಇಲ್ರಿ ಸರ್. ಹುಲಗೂರಾಗ ಐತಿ.”

“ಕೋರ್ಟಿನ್ಯಾಗ ಹಂಗ ಮಾಡಿಗೀಡೀಯ ಮತ್ತ,” ಎಂದು ಗದರಿಸಿದರು. ಯಂಕವ್ವನ ಹಾಳೆ ಬಂದಾಗ ಅವರ ನಗು ನಿಂತಿತು. ಬಲಗಾಲಿನ ತಿದ್ದುಪಡಿಯ ಮೇಲೆ ಬೆರಳಿಟ್ಟು, “ಸವಣೂರಿಗೆ ನೀನ ಹೋಗು,” ಎಂದರು.

ಬಸ್ಸಿಳಿದವಳು ಓಡುತ್ತಲೇ ಮನೆಗೆ ಬಂದು ಅಜ್ಜಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿದಳು. “ನನ್ನ ನಡ ಮುರೀತೀಯೇ ಹುಡುಗಿ!” ಎಂದು ಯಂಕವ್ವ ಖುಷಿಯಲ್ಲೇ ಬೈದಳು. ಆಮೇಲೆ ಮೊಮ್ಮಗಳ ಗಲ್ಲ ಹಿಡಿದಳು.

“ಕೋರ್ಟಿಗೆ ನನ್ನಂಥಾರು ಭಾಳ ಮಂದಿ ಬರ್ತಿರ್ತಾರ. ಹೆಬ್ಬೆಟ್ಟು ಒತ್ತೋಕಿಂತ ಮೊದಲ ಅವರಿಗೂ ಓದಿ ಹೇಳು. ಹಿಂಗ, ಹತ್ರ ಕುಂತು.”