ಎದುರು ಸಂಘದ ಗರ್ನಾಲು

ಯುರೋಪಿನ ಹಾಡಿನ ಸ್ಪರ್ಧೆಗೆ ಮಾಲ್ಟಾ ಆಗಷ್ಟೇ ಕಾಲಿಟ್ಟಿತ್ತು. ಆ ಸಲ ದೇಶದ ಪರವಾಗಿ ಹಾಡಲು ಹೋದವಳು ವಿಸ್ತಿನ್‌ನ ಮಗಳು ಚೆತ್ತೀನಾ. ಅವರ ಊರಿನಲ್ಲಿ ಸಂತರ ಹಬ್ಬಕ್ಕೆ ವಾದ್ಯ ನುಡಿಸುವ ಬ್ಯಾಂಡ್ ಸಂಘಗಳು ಎರಡು. ಸಂತ ಜೋಸೆಫರದ್ದು ಒಂದು, ಮಾತೆ ಮರಿಯಮ್ಮನದ್ದು ಇನ್ನೊಂದು. ಇವರ ಮನೆಯ ಹೆಣ್ಣನ್ನು ಅವರ ಮನೆಗೆ ಕೊಡುತ್ತಿರಲಿಲ್ಲ, ಅಷ್ಟು ಹಗೆ. ವಿಸ್ತಿನ್ ಜೋಸೆಫರ ಸಂಘಕ್ಕೆ ಹಬ್ಬಕ್ಕೆ ಸಿಡಿಸುವ ಮದ್ದಿನ ಗರ್ನಾಲು ಕಟ್ಟುವವನು. ಮಗಳು ಗೆದ್ದರೆ ಹಾರಿಸಲೆಂದು ರಾಶಿ ಕಟ್ಟಿ ಸಂಘದ ತಾರಸಿಯ ಮೇಲೆ ಇಟ್ಟಿದ್ದ.

ಸ್ಪರ್ಧೆಯ ರಾತ್ರಿ ಸಂಘದ ಟೀವಿಯ ಮುಂದೆ ಎಲ್ಲರೂ ಕೂತಿದ್ದರು. ಒಂದೊಂದೇ ದೇಶ ಅಂಕ ಕೊಡುತ್ತಾ ಹೋಯಿತು. ಮಾಲ್ಟಾ ಕಟ್ಟಕಡೆಗೆ ನಿಂತಿತು.

"ನಮ್ಮ ಭಾಷೇಲಿ ಹಾಡಿದ್ರೆ ಯಾರಿಗೆ ತಿಳಿಯುತ್ತೆ, ಬಿಡು ವಿಸ್ತಿನಣ್ಣ," ಎಂದು ಸಂಘದ ಬಾರು ನೋಡಿಕೊಳ್ಳುವ ಗ್ರೆತ್ಸು ಅವನ ಮುಂದೆ ಲೋಟ ಇಟ್ಟ.

ಅಷ್ಟರಲ್ಲಿ ಕಿಟಕಿಗಳು ಅದುರಿದವು. ಮರಿಯಮ್ಮನ ಸಂಘದವರು ತಮ್ಮ ತಾರಸಿ ಹತ್ತಿ ಗರ್ನಾಲು ಹಾರಿಸುತ್ತಿದ್ದರು. ಸೋತದ್ದು ದೇಶವೇ ಆದರೂ, ಹಾಡಿದವಳು ಜೋಸೆಫರ ಕಡೆಯವಳಲ್ಲವೇ.

ಫೋನ್ ಬಂತು. ವಿಸ್ತಿನ್ ಎತ್ತಿದ; ಆ ಕಡೆ ಚೆತ್ತೀನಾ ಅಳುತ್ತಿದ್ದಳು. "ಊರಿಗೆ ಹೇಗಪ್ಪಾ ಮುಖ ತೋರಿಸ್ಲಿ," ಎಂದವಳು ತಡೆದು ಕೇಳಿದಳು, "ಅದೇನು ಸದ್ದು? ಗರ್ನಾಲಾ?"

"ಹೂಂ, ನಿನಗೇ ಕಣಮ್ಮ."

"ಕೊನೇಗ್ ಬಂದ್ರೂನಾ?"

"ಬಂದ್ರೇನಂತೆ. ನಾನೇ ಹಚ್ಚಿಸಿದ್ದು."

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದಳು. "ಇದು ನೀನು ಕಟ್ಟಿದ್ದಲ್ಲ ಅಪ್ಪ. ನಿನ್ನ ಗರ್ನಾಲಿನ ಸದ್ದು ನಂಗೆ ಗೊತ್ತಿಲ್ವಾ?"



"ಫೋನ್ ಇಡಬೇಡ," ಎಂದಷ್ಟೇ ಹೇಳಿ, ವಿಸ್ತಿನ್ ಬೆಂಕಿಪೊಟ್ಟಣ ತೆಗೆದುಕೊಂಡು ತಾರಸಿಯ ಮೆಟ್ಟಿಲು ಹತ್ತಿದ.